ಫೋರ್ಸ್ ಅಲ್ರಿ, ಪ್ರೆಶರ್

ಹೋದ ತಿಂಗಳು ನಮ್ಮ ಓಣಿಯ ಕಟ್ಟಕಡೆಯ ಮನೆಗೆ ಬಣ್ಣ ಹಚ್ಚುವವರು ಬಂದಿದ್ದರು. ಹಿತ್ತಿಲ ಗೋಡೆಯ ಹತ್ತಿರ ಬಂದವರೇ ಬ್ರಷ್ ಕೆಳಗಿಟ್ಟು ನಿಂತುಬಿಟ್ಟರಂತೆ. ಅಲ್ಲಿ ನಳದ ಪಕ್ಕಕ್ಕೆ, ನೆಲದಿಂದ ಹಿಡಿದು ಆಳೆತ್ತರದವರೆಗೆ ಕಪ್ಪು ಬಣ್ಣದ ಗೆರೆಗಳಿದ್ದವು, ಗೆರೆಗೊಂದು ಅಂಕಿ. ಈ ಮನೆಯ ಮಗುವಿನ ಎತ್ತರವನ್ನು ಯಾರೋ ಅಳೆದಿಟ್ಟಿದ್ದಾರೆ, ಅಳಿಸಿದರೆ ಪಾಪ ಬಂದೀತು ಎಂದು ಅವರಿಗೆ ಅನ್ನಿಸಿತು. ಮನೆಯ ಅಕ್ಕ ನನ್ನನ್ನು ಕರೆಸಿ, ಇದನ್ನು ಇಡಲೋ ಅಳಿಸಲೋ ನೀವೇ ಹೇಳಿ ಟೀಚರ್ ಅಂದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನಮ್ಮ ಓಣಿಯಲ್ಲಿ ಬರಹಕ್ಕೆ ಸಂಬಂಧಿಸಿದ ಎಲ್ಲ ತಕರಾರುಗಳೂ ನನ್ನ ಬಳಿಗೇ ಬರುತ್ತವೆ. ಬಣ್ಣದವರಿಗೆ ನಾನು, ಇದು ಮಗುವಿನ ಎತ್ತರವಲ್ಲಪ್ಪ, ನೀರಿನ ಎತ್ತರ, ಸುತ್ತ ಬಳಿದು ಇಷ್ಟು ಜಾಗ ಬಿಟ್ಟುಬಿಡಿ ಅಂದೆ. ನೀರಿಗೆಂಥ ಎತ್ತರ ಎಂದು ಒಬ್ಬ ಇನ್ನೊಬ್ಬನ ಮುಖ ನೋಡಿದ.

ಅಳೆದವರು ತೀರಿಕೊಂಡು ಆರು ತಿಂಗಳಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಓಣಿಯ ಅರ್ಧ ಜನಕ್ಕೆ ಗುರುತು ಹತ್ತುವುದಿಲ್ಲ. ಎದುರಿಗೆ ಅವರು 'ಸರ್', ಬೆನ್ನ ಹಿಂದೆ 'ಫೋರ್ಸ್ ಸರ್'. ಫೋರ್ಸ್ ಎಂಬ ಶಬ್ದವನ್ನು ಓಣಿಯಿಂದ ಓಡಿಸಬೇಕೆಂದು ಇಪ್ಪತ್ತು ವರ್ಷ ಬಡಿದಾಡಿದ ಮನುಷ್ಯನಿಗೆ ಕಡೆಗೆ ಅದೇ ಹೆಸರು ಅಂಟಿಕೊಂಡಿತು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು ಅಂತ ನನ್ನ ಅಂದಾಜು.

ಧಾರವಾಡದಲ್ಲಿ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ. ಹಾಗಾಗಿ ನಮ್ಮಲ್ಲಿ ವಾರಕ್ಕೆ ಎಂಟು ದಿನ. ಲಗ್ನ, ಕುಬಸ, ಸತ್ಯನಾರಾಯಣ ಏನೇ ಇದ್ದರೂ ಮೊದಲು ವಾಲ್ವ್ ತಿರುಗಿಸುವವನನ್ನು ಕೇಳಿ, ಆಮೇಲೆ ಪಂಚಾಂಗ ನೋಡುತ್ತೇವೆ. ನೀರಿನ ದಿನ ಬೆಳಗಾಗೆದ್ದು ಒಬ್ಬರಿಗೊಬ್ಬರು ಕೇಳುವ ಮಾತು ಎರಡೇ. ಬಂದಾವೇನ್ರಿ ಅನ್ನುವುದು ಒಂದು, ಫೋರ್ಸ್ ಐತೇನ್ರಿ ಅನ್ನುವುದು ಇನ್ನೊಂದು. ನಳದ ನೀರು ಹುರುಪಿನಿಂದ ಬಂದರೆ ಫೋರ್ಸ್ ಇದೆ, ದಾರದಂತೆ ಇಳಿದರೆ ಫೋರ್ಸ್ ಇಲ್ಲ. ಈ ಶಬ್ದವನ್ನು ಇಂಗ್ಲಿಷ್ ಅಂತ ನಮ್ಮಲ್ಲಿ ಯಾರೂ ತಿಳಿದಿಲ್ಲ. ಒಂದಕ್ಷರ ಓದದ ಮುದುಕಿಯೂ ಸೊಸೆಗೆ, ಫೋರ್ಸ್ ಇದ್ದಾಗ ಹಂಡೇವು ತುಂಬಸವಾ ಅನ್ನುತ್ತಾಳೆ.

ಇದನ್ನು ಕೇಳಿದರೆ ಸರ್‌ಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ಎಲ್ಲಿದ್ದರೂ ಬಂದು ನಿಲ್ಲುತ್ತಿದ್ದರು. ಬಿಳಿ ಪೈಜಾಮ, ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಒಂದು ಪೆನ್ಸಿಲ್ಲು, ಬಲಗೈಯ ತೋರುಬೆರಳು ಮೇಲೆ.

"ಫೋರ್ಸ್ ಅಲ್ರಿ, ಪ್ರೆಶರ್. ಫೋರ್ಸ್ ಬ್ಯಾರೆ, ಪ್ರೆಶರ್ ಬ್ಯಾರೆ. ಹೆಬ್ಬಟ್ಟಿಲೆ ಗುಂಡಪಿನ್ನ ಒತ್ತಿದ್ರ ಗ್ವಾಡ್ಯಾಗ ಹೊಗತೈತಿ. ಅಷ್ಟೇ ಫೋರ್ಸ್‌ಲೆ ಲೋಟಾ ಒತ್ರಿ ನೋಡೂಣು, ಹೊಕ್ಕತೇನು?"

ಕೈಯಲ್ಲಿ ಕೊಡ ಹಿಡಿದು ನಿಂತವರು, ಹೌದ್ರೀ ಸರ್, ಪ್ರೆಶರ್ ಇಲ್ರಿ, ಅದಕ್ಕೇ ಫೋರ್ಸ್ ಬರವಲ್ದು ನೋಡ್ರಿ ಎನ್ನುತ್ತಿದ್ದರು. ಸರ್ ಕಣ್ಣು ಮುಚ್ಚಿ ಒಮ್ಮೆ ಉಸಿರು ಬಿಡುತ್ತಿದ್ದರು.

ಎಲ್ಲರೂ ಅವರನ್ನು ಕಾಲೇಜಿನ ಪ್ರೊಫೆಸರ್ ಅಂತಲೇ ತಿಳಿದಿದ್ದರು. ನಾನೂ ಎರಡು ವರ್ಷ ಹಾಗೇ ತಿಳಿದಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ಅವರು ಏನೂ ಮುಚ್ಚುಮರೆ ಮಾಡದೆ, "ನಾ ಪ್ರೊಫೆಸರ್ ಅಲ್ರಿ ಟೀಚರ್. ಫಿಜಿಕ್ಸ್ ಲ್ಯಾಬಿನ್ಯಾಗ ಅಟೆಂಡರ್ ಇದ್ದೆ. ಮೂವತ್ತೊಂದು ವರ್ಷ ಸಾಮಾನು ಒರಸಿ ಒರಸಿ ಕೊಟ್ಟೇನಿ" ಅಂದರು. ಅಮ್ಮಿನಬಾವಿಯ ಒಕ್ಕಲು ಮನೆತನದವರು. ಹತ್ತನೆಯ ಇಯತ್ತೆ ಮುಗಿಸಿ ಕಾಲೇಜು ಸೇರಿದ್ದು ಕಸ ಹೊಡೆಯಲಿಕ್ಕೆ. ಹುಡುಗರಿಗೆ ತಕ್ಕಡಿ, ಲೋಲಕ, ಮಸೂರ ಎತ್ತಿ ಕೊಡುತ್ತ, ಬಾಗಿಲ ಬಳಿ ಕೈಕಟ್ಟಿ ನಿಂತು ಒಂದೇ ಪಾಠವನ್ನು ಮೂವತ್ತೊಂದು ಸಲ ಕೇಳಿದವರು. ಪಾಠ ಮಾಡುವವರು ಬದಲಾದರು, ಹುಡುಗರು ಬದಲಾದರು, ಕೇಳುವವರು ಮಾತ್ರ ಇವರೊಬ್ಬರೇ. ಹೊಸದಾಗಿ ಬಂದ ಲೆಕ್ಚರರ್ ಒಬ್ಬರು ಬೋರ್ಡಿನ ಮೇಲೆ ತಪ್ಪು ಬರೆದಾಗ ಇವರು ಬಾಗಿಲಲ್ಲಿ ಕೆಮ್ಮುತ್ತಿದ್ದರಂತೆ. ಆ ಲೆಕ್ಚರರು ಕೆಮ್ಮು ಕೇಳಿದ ಕೂಡಲೇ ಡಸ್ಟರ್ ಎತ್ತಿಕೊಳ್ಳುವುದನ್ನು ಕಲಿತರಂತೆ. ಇದನ್ನು ಸರ್ ಹೆಮ್ಮೆಯಿಂದ ಹೇಳುತ್ತಿರಲಿಲ್ಲ, ಕೆಮ್ಮಿನ ಔಷಧದ ಮಾತು ಬಂದಾಗ ಹೇಳಿದ್ದರು.

ಹೀಗೆ ಕಲಿತದ್ದರಿಂದಲೋ ಏನೋ, ಶಬ್ದಗಳ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ತಕ್ಕಡಿಯ ಬಟ್ಟುಗಳನ್ನು ಒಂದೊಂದಕ್ಕೂ ಅದರದೇ ಗುಳಿಯಲ್ಲಿ ಇಡಬೇಕು, ತಪ್ಪು ಗುಳಿಯಲ್ಲಿ ಇಟ್ಟರೆ ಮರುದಿನ ಲೆಕ್ಕವೇ ತಪ್ಪುತ್ತದೆ. ಶಬ್ದಗಳನ್ನೂ ಅವರು ಹಾಗೇ ಕಾಣುತ್ತಿದ್ದರು. ಆದರೆ ಫೋರ್ಸ್ ಶಬ್ದದ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ಅದನ್ನು ಕಂಡಕಂಡಲ್ಲಿ ಎಳೆದಾಡುತ್ತಾರೆ ಎಂಬುದೇ ಅವರ ಸಂಕಟ. ಸರಿಯಾದ ಜಾಗದಲ್ಲಿ ಬಂದರೆ ಮುಖ ಅರಳುತ್ತಿತ್ತು.

ನಮ್ಮ ಮನೆಯಲ್ಲೊಮ್ಮೆ ಊಟವಿತ್ತು. ಸರ್ ಪಕ್ಕದಲ್ಲಿ ಓಣಿಯ ಮೊದಲ ಮನೆಯ ಕಿರಾಣಿ ಅಂಗಡಿಯವರು ಕೂತಿದ್ದರು. ನಾನು ಹೋಳಿಗೆ ಬಡಿಸಲು ಹೋದರೆ ಅಂಗಡಿಯವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಫೋರ್ಸ್ ಮಾಡಬ್ಯಾಡ್ರಿ ಟೀಚರ್ ಅಂದರು. ನಾನು ಬಿಡುವವಳಲ್ಲ, ಒತ್ತಿದೆ. ಅವರೂ ಬಿಡುವವರಲ್ಲ. ಸರ್ ಊಟ ನಿಲ್ಲಿಸಿ ಎಂಜಲು ಬೆರಳನ್ನು ಮೇಲೆತ್ತಿದರು.

"ಈಗ ನೋಡ್ರಿ, ಇದು ಖರೇ ಫೋರ್ಸ್. ಟೀಚರ್ ಮ್ಯಾಲಿಂದ ಒತ್ತಾಕತ್ತಾರ, ನೀವು ಕೆಳಗಿಂದ ಒತ್ತಾಕತ್ತೀರಿ. ಎರಡೂ ಸಮ ಆಗ್ಯಾವು. ಅದಕ್ಕ ಹೋಳಿಗಿ ನಡುವ ನಿಂತೈತಿ."

ಅಂಗಡಿಯವರು ಹೋಳಿಗೆ ನೋಡಲು ಒಂದು ಕೈ ತೆಗೆದರು. ಹೋಳಿಗೆ ಎಲೆಗೆ ಬಿತ್ತು. ಸರ್ ಅಲ್ಲೇ ಪಾಠ ಮುಂದುವರಿಸಿದರು. ನಿಂತದ್ದನ್ನು ನಡೆಸುವುದು, ನಡೆದದ್ದನ್ನು ನಿಲ್ಲಿಸುವುದು, ಇದಕ್ಕೆ ಫೋರ್ಸ್ ಅಂತಾರೆ, ಮಿಕ್ಕದ್ದಕ್ಕೆಲ್ಲ ಅನ್ನಬಾರದು ಅಂದರು. ಅಂಗಡಿಯವರು ಅಷ್ಟರಲ್ಲಿ ತುಪ್ಪ ಕೇಳಿದರು.

ಇನ್ನು ಅವರ ಮನೆಯ ನೀರಿನ ಕಥೆ. ನಮ್ಮ ಓಣಿ ಏರಿನಲ್ಲಿದೆ. ಹನ್ನೆರಡು ಮನೆ, ಕೆಳಗೆ ಮೊದಲನೆಯದು ಅಂಗಡಿಯವರದು, ಮೂರನೆಯದು ನಮ್ಮದು, ದಿನ್ನೆಯ ಮೇಲೆ ಕಡೆಯದು ಸರ್‌ದು. ನೀರು ಕೆಳಗಿನಿಂದ ಹತ್ತಿ ಬರಬೇಕು. ಓಣಿ ಇಕ್ಕಟ್ಟು, ಟ್ಯಾಂಕರ್ ಹತ್ತುವುದಿಲ್ಲ. ಅವರ ನಳ ನೆಲದ ಮೇಲಿದ್ದದ್ದು ಒಣಗಿ ಎಷ್ಟೋ ವರ್ಷವಾಗಿತ್ತು. ಅದರ ಬಾಯಿಗೆ ಅವರ ಹೆಂಡತಿ, ನಮ್ಮೆಲ್ಲರ ಅಕ್ಕ, ಒಂದು ಅರಿವೆ ಕಟ್ಟಿದ್ದರು. ಪಕ್ಕದಲ್ಲಿ ಸೊಂಟದುದ್ದ ಗುಂಡಿ ತೋಡಿ, ಆ ಗುಂಡಿಯ ತಳದಲ್ಲಿ ಇನ್ನೊಂದು ನಳ ಕೂರಿಸಿದ್ದರು. ಸರ್ ಪೈಜಾಮ ಮಡಚಿ ಗುಂಡಿಗಿಳಿದು, ಚೊಂಬಿನಿಂದ ಕೊಡ ತುಂಬಿಸಿ, ಕೊಡವನ್ನು ಮೇಲಕ್ಕೆತ್ತಿ ಕೊಡುತ್ತಿದ್ದರು. ಆ ವಯಸ್ಸಿನಲ್ಲಿ ಒಂದು ನೀರಿನ ದಿನಕ್ಕೆ ಮೂವತ್ತು ಕೊಡ. ಸವದತ್ತಿ ಕಡೆಯಿಂದ ಬರುವ ನೀರು ಅಮ್ಮಿನಬಾವಿ ಹಾದೇ ಧಾರವಾಡಕ್ಕೆ ಬರುತ್ತದೆ. ನನ್ನ ಊರು ದಾಟಿ ಬರೂ ನೀರು ನನ್ನ ಮನಿ ಮಾತ್ರ ಹತ್ತವಲ್ದು ನೋಡ್ರಿ ಎಂದು ಅವರು ಗುಂಡಿಯೊಳಗಿನಿಂದಲೇ ನಗುತ್ತಿದ್ದರು.

ಆ ಗೋಡೆಯ ಗೆರೆಗಳು ಆಗಿನವು. ಗೌಂಡಿಗಳು ಮಟ್ಟ ನೋಡಲು ಬಳಸುವ ತಿಳಿ ಪೈಪಿನ ತುಂಡೊಂದನ್ನು ಗುಂಡಿಯ ನಳದ ಕೊಳವೆಗೆ ಸಿಕ್ಕಿಸಿ ಗೋಡೆಗುಂಟ ನೇರ ಕಟ್ಟಿ, ಪಕ್ಕದಲ್ಲಿ ಅಡಿ ಅಂಗುಲದ ಗೆರೆ ಎಳೆದಿದ್ದರು. ನೀರು ಬಂದಾಗ ಆ ಪೈಪಿನೊಳಗೆ ಎಷ್ಟು ಎತ್ತರ ಏರುತ್ತದೋ ಅಷ್ಟು ಪ್ರೆಶರ್. ಪ್ರತಿ ನೀರಿನ ದಿನ ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು, ಒಮ್ಮೆ ಕೆಳಗಿನ ಓಣಿಯ ಕಡೆ ಕಿವಿಗೊಡುವುದು, ಮತ್ತೆ ಬರೆಯುವುದು. ಲ್ಯಾಬಿನ ಚಟ ಬಿಟ್ಟಿಲ್ಲ ಎಂದು ನಾವು ನಗುತ್ತಿದ್ದೆವು.

ನೀರು ಅಲ್ಲಿಯತನಕ ಯಾಕೆ ಏರುತ್ತಿರಲಿಲ್ಲ ಎಂಬುದನ್ನು ಈಗ ಹೇಳಿಬಿಡುತ್ತೇನೆ, ಹೇಳದಿದ್ದರೆ ಈ ಚಿತ್ರ ಸುಳ್ಳಾಗುತ್ತದೆ. ಕೆಳಗಿನ ಹನ್ನೊಂದು ಮನೆಯವರೂ ನಳಕ್ಕೆ ಕದ್ದು ಮೋಟಾರು ಹಚ್ಚುತ್ತಿದ್ದೆವು. ನೀರು ಬರುತ್ತಲೂ ಸ್ವಿಚ್ಚು ಒತ್ತುವುದು, ಟಾಕಿ ತುಂಬುವುದು. ನನ್ನದೂ ಇತ್ತು. ನಮ್ಮದು ಸಣ್ಣದು ಬಿಡ್ರಿ ಎಂದು ನಾನು ಹೇಳುತ್ತಿದ್ದೆ. ಪ್ರತಿಯೊಬ್ಬರೂ ತಮ್ಮದು ಸಣ್ಣದು ಅಂತಲೇ ಹೇಳುತ್ತಿದ್ದರು. ಸರ್ ಮಾತ್ರ ಹಚ್ಚಿರಲಿಲ್ಲ. ಯಾಕೆಂದು ಕೇಳಿದರೆ, ಪೈಪಿನ್ಯಾಗ ಇಲ್ಲದ್ದನ್ನ ಎಳದ್ರ ಗಾಳಿ ಬರ್ತೈತಿ, ಗಾಳಿ ಆದಮ್ಯಾಲೆ ಗಟಾರದ್ದು ಬರ್ತೈತಿ ಅನ್ನುತ್ತಿದ್ದರು.

ಐದು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಬಸುರಾದಳು. ಗದಗಿಗೆ ಕೊಟ್ಟಿದ್ದರು. ಏಳನೆಯ ತಿಂಗಳಲ್ಲಿ ಕುಬಸ ಮಾಡಲು ಹೋದಾಗ ಬೀಗಿತ್ತಿ ಎಲ್ಲರೆದುರು ಒಂದು ಮಾತಂದರು. ನಿಮ್ಮಲ್ಲಿ ಎಂಟು ದಿನಕ್ಕೊಮ್ಮೆ ನೀರು, ಅದನ್ನೂ ಗುಂಡಿಯಿಂದ ಎತ್ತಬೇಕು, ಬಾಣಂತಿಗೆ ದಿನಾ ಎರೆಯಬೇಕು, ಕೂಸಿನ ಅರಿವೆ ಒಗೆಯಬೇಕು, ಚೊಚ್ಚಲ ಬಾಣಂತನ ನಾವೇ ಮಾಡಿಕೊಳ್ಳುತ್ತೇವೆ ಅಂದರು. ಸಭ್ಯವಾಗಿಯೇ ಅಂದರು, ಅದಕ್ಕೇ ಹೆಚ್ಚು ನಾಟಿತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗದಿದ್ದರೆ ಆ ತಾಯಿ ನಾಲ್ಕು ಜನರಲ್ಲಿ ತಲೆ ಎತ್ತುವುದು ಹೇಗೆ? ಅಕ್ಕ ಆರು ವರ್ಷದಿಂದ ಮೆತ್ತನೆಯ ಹಳೆಯ ಸೀರೆಗಳನ್ನು ಒಗೆದು, ಮಡಚಿ, ಟ್ರಂಕಿನಲ್ಲಿ ಕೂಸಿಗೆಂದು ಇಟ್ಟಿದ್ದರು. ಗದಗಿನಿಂದ ಬಂದವರೇ ಟ್ರಂಕನ್ನು ಅಟ್ಟದ ಮೇಲೆ ಒಗೆದರು. ಗಂಡನ ಜೊತೆ ಮಾತು ಬಿಟ್ಟರು.

ಸುದ್ದಿ ಓಣಿಗೆಲ್ಲ ಹಬ್ಬಿತು. ಅಂಗಡಿಯವರು ಮುಂದಾಗಿ, ಕಡೆಯ ಮನೆಗೆ ನೀರು ಹತ್ತಿಸಬೇಕೆಂದು ಒಂದು ಅರ್ಜಿ ಗೀಚಿಕೊಂಡು ಬಂದರು. 'ನಮ್ಮ ಓಣಿಗೆ ಫೋರ್ಸ್ ಇಲ್ಲ, ದಯಮಾಡಿ ಫೋರ್ಸ್ ಕಳಿಸಬೇಕು' ಎಂದಿತ್ತು. ಹನ್ನೊಂದು ಮನೆಯವರೂ ಸಹಿ ಮಾಡಿದೆವು. ಹನ್ನೊಂದು ಸಹಿ, ಹನ್ನೊಂದು ಮೋಟಾರು. ಯಾರೂ ಹಿಂದೆಮುಂದೆ ನೋಡಲಿಲ್ಲ, ನಾನೂ. ಹಿಂದೆಮುಂದೆ ನೋಡಿದ್ದು ಸರ್ ಮಾತ್ರ, ಅದೂ ಆ ಶಬ್ದ ಓದಿ. ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು, ಇದಕ್ಕೆ ನಾನು ಸಹಿ ಹಾಕುವುದಿಲ್ಲ ಅಂದುಬಿಟ್ಟರು. ಒಳಗಿನಿಂದ ಅಕ್ಕ ಬಂದರು. ಎಂಟು ದಿನದ ಮೇಲೆ ಗಂಡನೊಂದಿಗೆ ಆಡಿದ ಮೊದಲ ಮಾತು ಅದು.

"ನನ್ನ ಮಗಳ ಬಾಣಂತನ ಈ ಮನ್ಯಾಗ ಆಗಬೇಕು. ನಿಮ್ಮ ಶಬ್ದ ನನಗ ಬ್ಯಾಡ. ನನಗ ನೀರು ಬೇಕು."

ಸರ್ ತಲೆ ತಗ್ಗಿಸಿದರು. ಆದರೂ ಪೆನ್ನು ಮುಟ್ಟಲಿಲ್ಲ. ಮೂವತ್ತೊಂದು ವರ್ಷ ಒರೆಸಿ ಇಟ್ಟ ಶಬ್ದವನ್ನು ಅವರು ಹೆಂಡತಿಗಾಗಿಯೂ ತಪ್ಪು ಗುಳಿಯಲ್ಲಿ ಇಡಲಾರರು. ನನಗೆ ಸಿಟ್ಟೂ ಬಂತು, ಒಂದು ಬಗೆಯ ಗೌರವವೂ ಬಂತು. ಇಬ್ಬರ ಮಾನವನ್ನೂ ಉಳಿಸುತ್ತೇನೆಂದು ನಾನೇ ಹೊಸ ಅರ್ಜಿ ಬರೆಯಲು ಕೂತೆ. ಸರ್ ಪ್ರೆಶರ್ ಅಂತ ಬರೀರಿ ಅಂದರು. ಕನ್ನಡ ಟೀಚರ್ ಬರೆದ ಅರ್ಜಿಯಲ್ಲಿ ಇಂಗ್ಲಿಷ್ ಯಾಕೆ, ಒತ್ತಡ ಎಂಬ ಚಂದದ ಶಬ್ದವಿದೆ ಎಂದು ನಾನು ಹಟ ಹಿಡಿದೆ. ಅವರು ಒಪ್ಪಿ ಖುಷಿಯಿಂದ ಸಹಿ ಹಾಕಿದರು. ನನ್ನ ಭಾಷೆಯನ್ನು ಹೊಗಳಿದರು. ಆ ಹೊಗಳಿಕೆಯಲ್ಲಿ ನಾನು ಉಬ್ಬಿಹೋಗಿ ಒಂದು ಸಂಗತಿ ಗಮನಿಸಲಿಲ್ಲ. ಒಂದೇ ಶಬ್ದ ಎರಡೆರಡು ಸಲ ಬರಬಾರದೆಂದು ಮಕ್ಕಳಿಗೆ ಹೇಳಿಕೊಡುವವಳು ನಾನು. ನೀರು ಎಂಬ ಶಬ್ದ ಮುಂದೆ ಹೇಗೂ ಬರುತ್ತದಲ್ಲ ಎಂದು ವಿಷಯದ ಸಾಲಿನಿಂದ ಅದನ್ನು ತೆಗೆದುಬಿಟ್ಟಿದ್ದೆ. ಉಳಿದದ್ದು ಇಷ್ಟು: 'ವಿಷಯ: ನಮ್ಮ ಓಣಿಯ ಹನ್ನೆರಡು ಮನೆಗಳ ನಿವಾಸಿಗಳು ಬಹುಕಾಲದಿಂದ ಒತ್ತಡದ ಕೊರತೆಯಿಂದ ಬಳಲುತ್ತಿರುವ ಬಗ್ಗೆ.'

ಅರ್ಜಿಯನ್ನು ಪಾಲಿಕೆಗೆ ಕೊಟ್ಟು ಹತ್ತು ದಿನ ಕಳೆಯಿತು. ಒಂದು ಮುಂಜಾನೆ ಓಣಿಯೊಳಗೆ ಇಬ್ಬರು ಹೆಣ್ಣುಮಕ್ಕಳು ಬಂದರು. ಒಬ್ಬರ ಕೈಯಲ್ಲಿ ಫೈಲು, ಇನ್ನೊಬ್ಬರ ಹೆಗಲಲ್ಲಿ ಚೀಲ. ನೀರಿನವರು ಬಂದರೆಂದು ನಾವೆಲ್ಲ ಸೆರಗು ಸರಿಮಾಡಿಕೊಂಡು ಹೊರಗೆ ಬಂದೆವು. ಅವರು ಚೀಲದಿಂದ ತೆಗೆದದ್ದು ಬಿ.ಪಿ. ನೋಡುವ ಮಶೀನು. ಹನ್ನೆರಡೂ ಮನೆಗೆ ಒಟ್ಟಿಗೇ ಲೋ ಬಿ.ಪಿ. ಆಗಿರುವುದು ತಾವೆಲ್ಲೂ ಕೇಳಿಲ್ಲ, ಏನು ತಿನ್ನುತ್ತೀರಿ, ಯಾವ ನೀರು ಕುಡಿಯುತ್ತೀರಿ ಎಂದು ನರ್ಸ್ ಬಾಯಿ ಕಾಳಜಿಯಿಂದ ಕೇಳಿದರು. ಕಿಟಕಿಯಲ್ಲಿ ಅರ್ಜಿ ತೆಗೆದುಕೊಂಡವರ ತಪ್ಪಿಲ್ಲ. ಆ ಸಾಲನ್ನು ಓದಿದ ಯಾವ ಮನುಷ್ಯನೂ ಅದನ್ನು ಆರೋಗ್ಯದವರಿಗೇ ಕಳಿಸುತ್ತಿದ್ದ. ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಅಂಗಡಿಯವರು ನನ್ನ ಕಡೆ ನೋಡಿದ ನೋಟವನ್ನು ಇವತ್ತಿಗೂ ಮರೆತಿಲ್ಲ.

ಸರ್ ಒಬ್ಬರೇ ಉಲ್ಲಾಸದಲ್ಲಿದ್ದರು. ನನ್ನ ಹತ್ತಿರ ಬಂದು ಮೆಲ್ಲಗೆ, "ಶಬ್ದ ಸರಿ ಇತ್ರಿ ಟೀಚರ್, ವಿಳಾಸ ತಪ್ಪೇತಿ ಅಷ್ಟ. ಅಂಗಡಿಯವರು ಅಂದಂಗ ಫೋರ್ಸ್ ಕಳಸ್ರಿ ಅಂತ ಬರದಿದ್ರ ಇವತ್ತ ಪೊಲೀಸರು ಬಂದು ನಿಂದರತಿದ್ರು" ಅಂದರು.

ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಓಣಿಯ ರೀತಿಯಲ್ಲ. ಚಹಾ ಆಯಿತು, ಅವಲಕ್ಕಿ ಆಯಿತು. ಬಂದಿದ್ದಾರೆ, ನೋಡಿಸಿಕೊಂಡರಾಯಿತು ಎಂದು ಎಲ್ಲರೂ ನಮ್ಮ ಕಟ್ಟೆಯ ಮೇಲೆ ಸಾಲಾಗಿ ತೋಳು ಮಡಚಿ ಕೂತೆವು. ಸರ್‌ಗೆ ಆ ಮಶೀನಿನ ಮೇಲೇ ಕಣ್ಣು. ಪಾದರಸದ್ದು ಇಲ್ಲವೇ ಎಂದು ವಿಚಾರಿಸಿದರು, ಈಗೆಲ್ಲ ಅಂಕಿ ಬರುವುದೇ ಎಂದಾಗ ಸ್ವಲ್ಪ ಬೇಸರಪಟ್ಟರು. ಅವರ ಸರದಿ ಬಂದಾಗ ಮಶೀನು ಗುಂಯ್ ಎಂದು ನಿಂತಿತು. ನರ್ಸ್ ಬಾಯಿ ಅಂಕಿ ನೋಡಿ, ಪಟ್ಟಿ ಬಿಚ್ಚಿ, ಇನ್ನೊಂದು ತೋಳಿಗೆ ಕಟ್ಟಿದರು. ಮತ್ತೆ ಮೊದಲಿನ ತೋಳಿಗೆ ಕಟ್ಟಿದರು. ಮುಖದ ನಗು ಹೋಯಿತು.

"ಸರ್, ಓಣ್ಯಾಗ ಪ್ರೆಶರ್ ಇಲ್ಲ ಅಂತ ಬರದೀರಿ. ಇಡೀ ಓಣೀದು ನಿಮ್ಮೊಬ್ಬರೊಳಗ ಕೂಡೇತಿ. ಇವತ್ತ ದವಾಖಾನಿಗೆ ಬರ್ರಿ. ಇನ್ನಮ್ಯಾಲೆ ಒಂದ ಕೊಡಾನೂ ಎತ್ತಂಗಿಲ್ಲ."

ಎಲ್ಲರೂ ನಕ್ಕೆವು. ನಕ್ಕದ್ದು ಅರ್ಧದಲ್ಲೇ ನಿಂತಿತು, ಯಾಕೆಂದರೆ ಅಕ್ಕ ಎದ್ದು ಸರಸರ ಮೇಲಿನ ಮನೆಗೆ ಹೋಗುತ್ತಿದ್ದರು. ನಾನು ಹಿಂದೆಯೇ ಹೋದೆ. ಅಡುಗೆಮನೆಯಲ್ಲಿ ಖಾಲಿ ಕೊಡಗಳ ನಡುವೆ ಕೂತು ಅಳುತ್ತಿದ್ದರು. ಆತನ ಜೀವ ಹೋದೀತೆಂಬ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ಇಷ್ಟು ದಿನ ಎತ್ತುವ ಕೈಯಾದರೂ ಇತ್ತು, ಈಗ ಅದೂ ಹೋಯಿತು, ಮಗಳು ಇನ್ನು ಈ ಮನೆಗೆ ಬಂದಾಳೇ ಎಂಬ ಸಂಕಟ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಂಡರು. ನಮ್ಮ ಮನೆಯ ಟಾಕಿ ಆ ಹೊತ್ತಿನಲ್ಲಿ ತುಂಬಿ ತುಳುಕುತ್ತಿತ್ತು. ಹಿಂದಿನ ನೀರಿನ ದಿನ ನಾನು ಅಂಗಳ ತೊಳೆದು, ಗಾಡಿ ತೊಳೆದು, ಉಳಿದದ್ದನ್ನು ಗುಲಾಬಿ ಗಿಡಕ್ಕೆ ಹಾಕಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಬಾಯಲ್ಲಿ ಮಾತ್ರ, ಎಲ್ಲಾ ಛಲೋ ಆಗತೈತಿ ಬಿಡ್ರಿ ಅಂದು ಕೆಳಗಿಳಿದು ಬಂದೆ.

ಮನೆಗೆ ಬಂದವಳೇ ಮೋಟಾರಿನ ವಾಯರು ಕಿತ್ತೆ. ನಮ್ಮ ಯಜಮಾನರು, ನೀನೊಬ್ಬಳು ನಿಲ್ಲಿಸಿದರೆ ಆ ನೀರನ್ನು ಅಂಗಡಿಯವರು ಎಳೆಯುತ್ತಾರೆ, ಸರ್ ಮನೆಗೇನೂ ಹೋಗುವುದಿಲ್ಲ ಅಂದರು. ಮಾತು ಖರೆ. ಅಂಗಡಿಗೆ ಹೋದೆ. ನೀರು ಬಂದ ಮೊದಲ ಒಂದು ತಾಸು ಮೋಟಾರು ಹಚ್ಚುವುದು ಬೇಡ, ಕಡೆಯ ಮನೆಗೆ ಹತ್ತಲಿ ಅಂದೆ. ಅವರು ಬೆಲ್ಲ ತೂಗುತ್ತ, ನಿಮ್ಮದು ಬಂದ್ ಐತೇನು ಮೊದಲು ಹೇಳ್ರಿ ಅಂದರು. ಬಂದ್ ಮಾಡಿ ಬಂದೇನಿ ಅಂದೆ. ಹಂಗಾರ ನಂದೂ ಬಂದ್ ಅಂದರು, ಅಷ್ಟೇ. ಎರಡನೆಯ ಮನೆಯವರು ಅಂಗಡಿಯವರದು ಬಂದ್ ಇದೆಯೇ ಎಂದು ಕೇಳಿದರು, ನಾಲ್ಕನೆಯ ಮನೆಯವರು ಟೀಚರದು ಬಂದ್ ಇದೆಯೇ ಎಂದು ಕೇಳಿದರು. ಹೀಗೆ ಒಬ್ಬರದು ಕೇಳಿ ಇನ್ನೊಬ್ಬರು, ಸಂಜೆಯೊಳಗೆ ಹನ್ನೊಂದು ಮನೆ ಮುಗಿಯಿತು. ಇಷ್ಟು ಸುಲಭದ ಕೆಲಸವನ್ನು ಇಷ್ಟು ವರ್ಷ ಯಾಕೆ ಮಾಡಲಿಲ್ಲ ಎಂದು ನನಗೆ ಸೋಜಿಗವಾಯಿತು. ಸರ್‌ಗೆ ಇದನ್ನು ಹೇಳಬಾರದೆಂದು ಎಲ್ಲರೂ ಮಾತಾಡಿಕೊಂಡೆವು. ಹೇಳಿದರೆ ಇಷ್ಟು ವರ್ಷ ಹಚ್ಚುತ್ತಿದ್ದೆವು ಅಂತ ಒಪ್ಪಿಕೊಂಡಂತಾಗುತ್ತದಲ್ಲ.

ಮುಂದಿನ ನೀರಿನ ದಿನ ಬೆಳಿಗ್ಗೆ ಆರೂವರೆಗೆ ಓಣಿಯ ಅರ್ಧ ಜನ, ಬೇರೆ ಬೇರೆ ನೆಪ ಮಾಡಿಕೊಂಡು, ಕಡೆಯ ಮನೆಯ ಹಿತ್ತಿಲಲ್ಲಿದ್ದೆವು. ಒಬ್ಬರು ಮೊಸರಿನ ಹೆಪ್ಪಿಗೆ ಬಂದಿದ್ದರು, ಇನ್ನೊಬ್ಬರು ಕರಿಬೇವಿಗೆ. ಅಂಗಡಿಯವರು ನೆಪ ಹೊಳೆಯದೆ ಸುಮ್ಮನೆ ನಿಂತಿದ್ದರು. ಸರ್ ಗುಂಡಿಗಿಳಿಯಬಾರದೆಂದು ಅಕ್ಕ ಅವರನ್ನು ಕುರ್ಚಿಯಲ್ಲಿ ಕೂರಿಸಿ ಪೆನ್ಸಿಲ್ಲು ಕೊಟ್ಟಿದ್ದರು. ತಿಳಿ ಪೈಪಿನಲ್ಲಿ ನೀರು ಕಾಣಿಸಿತು. ಗುಂಡಿಯ ತಳದಿಂದ ಒಂದು ಅಡಿ ಏರಿತು. ಎರಡು ಅಡಿ ಏರಿತು. ಅದು ಯಾವಾಗಲೂ ನಿಲ್ಲುವ ಜಾಗ, ಅಲ್ಲಿ ಪೈಪಿನೊಳಗೆ ಪಾಚಿಯ ಗೆರೆಯೇ ಬಿದ್ದಿತ್ತು. ಅಲ್ಲಿ ನಿಲ್ಲಲಿಲ್ಲ. ಮೂರಕ್ಕೆ ಹೋಯಿತು, ನಾಲ್ಕಕ್ಕೆ ಹೋಯಿತು. ಅಷ್ಟರಲ್ಲಿ ನೆಲದ ಮೇಲಿನ ಹಳೆಯ ನಳ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ, ಬಾಯಿಗೆ ಕಟ್ಟಿದ ಅರಿವೆಯನ್ನು ಅಂಗಡಿಯವರ ಎದೆಗೆ ಉಗುಳಿ, ಕೆಂಪು ನೀರು, ಆಮೇಲೆ ತಿಳಿ ನೀರು ಸುರಿಸಿತು.

"ಫೋರ್ಸ್ ಬಂತು ನೋಡ್ರಿ! ಫೋರ್ಸ್ ಬಂತು!" ಅಂದರು ಅಕ್ಕ.

ಹಿತ್ತಿಲಿನಲ್ಲಿದ್ದವರೆಲ್ಲ ಒಟ್ಟಿಗೇ ಸರ್ ಕಡೆ ತಿರುಗಿದೆವು. ಬೆರಳು ಏರಲಿಲ್ಲ. ಅವರು ಪೈಪನ್ನು ನೋಡಿದರು, ಕೆಳಗಿನ ಓಣಿಯ ಕಡೆ ಕಿವಿಗೊಟ್ಟು ಬಹಳ ಹೊತ್ತು ಕೂತರು. ಆಮೇಲೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಎದ್ದು ನೋಟ್‌ಬುಕ್ಕು ತರಲು ಒಳಗೆ ಹೋದರು.

ಟ್ರಂಕು ಅಟ್ಟದಿಂದ ಇಳಿಯಿತು. ನೀರು ಹತ್ತಿದ ಸುದ್ದಿ ಕೇಳಿ ಬೀಗರು ಒಪ್ಪಿದರು, ಮಗಳು ತವರಿಗೆ ಬಂದಳು, ಹೆಣ್ಣುಕೂಸು ಹುಟ್ಟಿತು. ಬಚ್ಚಲೊಲೆಯ ಹೊಗೆ ಮೂರು ತಿಂಗಳು ದಿನಾ ಮುಂಜಾನೆ ಓಣಿಯ ಮೇಲೆ ಹಾಯುತ್ತಿತ್ತು. ಕೂಸನ್ನು ನೋಡಲು ಗದಗಿನ ಬೀಗಿತ್ತಿ ಬಂದದ್ದು, ಅಕ್ಕನ ಪುಣ್ಯಕ್ಕೆ, ನೀರಿನ ದಿನ. ಕೈಕಾಲು ತೊಳಕೊಳ್ರಿ ಎಂದು ಅಕ್ಕ ನಳವನ್ನು ಪೂರ್ತಿ ತಿರುಗಿಸಿದರು. ಬೀಗಿತ್ತಿಯ ಇಳಕಲ್ ಸೀರೆ ಮೊಣಕಾಲ ತನಕ ತೊಯ್ದಿತು. ಅಕ್ಕ ಅಯ್ಯೋ ಅಂದರು, ಆದರೆ ನಳ ಬಂದ್ ಮಾಡಲು ಅವಸರ ಮಾಡಲಿಲ್ಲ.

ಸರ್ ಗುಳಿಗೆ ನುಂಗುತ್ತ ನಾಲ್ಕು ವರ್ಷ ಚೆನ್ನಾಗಿದ್ದರು. ಮೊಮ್ಮಗಳಿಗೆ ಮೊದಲು ಕಲಿಸಿದ ಶಬ್ದ ಪ್ರೆಶರ್. ಅವಳು ಅದನ್ನು 'ಪೆಸರ' ಎನ್ನುತ್ತಿದ್ದಳು, ಅವರು ತಿದ್ದಲಿಲ್ಲ.

ಬಣ್ಣದವರು ಹೋದ ದಿನ ಅಕ್ಕ ಆ ನೋಟ್‌ಬುಕ್ಕನ್ನು ನನಗೆ ಕೊಟ್ಟರು. ಕನ್ನಡದಲ್ಲಿದೆ, ನಿಮಗೇ ಇರಲಿ ಅಂದರು. ಮನೆಗೆ ತಂದು ಬಿಚ್ಚಿದೆ. ಗೆರೆ ಹೊಡೆದು ನಾಲ್ಕು ಮನೆ ಮಾಡಿದ್ದರು: ದಿನ, ವ್ಯಾಳ್ಯಾ, ಎತ್ತರ, ಷರಾ. ನಾನು ಬರೀ ಎತ್ತರ ಬರೆದಿರಬಹುದು ಅಂದುಕೊಂಡಿದ್ದೆ. ಷರಾದಲ್ಲಿ ಓಣಿಯ ಹನ್ನೊಂದೂ ಮೋಟಾರು ಇದ್ದವು. ಯಾವುದು ಯಾವಾಗ ಚಾಲೂ ಆಯಿತು, ಆದ ಕೂಡಲೇ ಪೈಪಿನಲ್ಲಿ ನೀರು ಎಷ್ಟು ಅಂಗುಲ ಇಳಿಯಿತು, ಎಲ್ಲ. 'ಅಂಗಡಿ ಚಾಲೂ, ಎರಡಂಗುಲ ಇಳಿತ.' 'ಟೀಚರ್ ಚಾಲೂ, ನಾಲ್ಕಂಗುಲ ಇಳಿತ.' ಓಣಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಳೆದದ್ದು ನನ್ನ ಸಣ್ಣ ಮೋಟಾರು. ಪುಟ ತಿರುಗಿಸಿದಂತೆಲ್ಲ ಟೀಚರ್ ಚಾಲೂ, ಟೀಚರ್ ಚಾಲೂ. ಇಷ್ಟೆಲ್ಲ ಬರೆದಿಟ್ಟುಕೊಂಡು ಆ ಮನುಷ್ಯ ನಮ್ಮ ಮನೆಗೆ ಊಟಕ್ಕೆ ಬಂದು ಹೋಳಿಗೆ ಉಂಡು ಹೋಗಿದ್ದರು. ಅರ್ಜಿ ಬರೆದ ದಿನ ನೀರಿಲ್ಲದಿದ್ದರೂ ಒಂದು ಷರಾ ಇತ್ತು: 'ಟೀಚರ್ ಅರ್ಜಿ ಬರದ್ರು. ಭಾಷಾ ಛಲೋ ಐತಿ.'

ನಳ ಕೆಮ್ಮಿದ ಆ ದಿನದ ಪುಟಕ್ಕೆ ಬಂದೆ. ಎತ್ತರದ ಮನೆಯಲ್ಲಿ ನಾಲ್ಕು ಅಡಿ ಏಳು ಅಂಗುಲ ಎಂದಿತ್ತು. ಷರಾದಲ್ಲಿ ಪೆನ್ಸಿಲ್ಲು ಒತ್ತಿ ಬರೆದಿದ್ದರು:

'ಟೀಚರ್ ಬಂದ್. ಅಂಗಡಿ ಬಂದ್. ಎಲ್ಲಾರೂ ಬಂದ್. ಇದಕ್ಕ ಫೋರ್ಸ್ ಅಂತಾರ.'